ಸೂರ್ಯಾ ಬೊನಾಲಿ: ಮೂರು ವಿಶ್ವ ಬೆಳ್ಳಿ, ಒಂದೂ ಚಿನ್ನವಿಲ್ಲ. ಲೆಕ್ಕ ಎಲ್ಲಿ ಕೈಕೊಟ್ಟಿತು?

ಮಂಜಿನಂಚು
ಫ್ರಾನ್ಸ್‌ನ ಫಿಗರ್ ಸ್ಕೇಟರ್ ಬೊನಾಲಿ ಹೆಸರು ಬಂದರೆ ಸಾಕು, ಎಲ್ಲರೂ 1998ರ ನಗಾನೊ ಒಲಿಂಪಿಕ್ಸ್‌ನ ಹಿಂಲಾಗದ (ಬ್ಯಾಕ್‌ಫ್ಲಿಪ್) ತುಣುಕನ್ನೇ ಹಂಚುತ್ತಾರೆ. ಅದರ ಹಿಂದಿನ ಹತ್ತು ವರ್ಷ ಯಾರಿಗೂ ಬೇಡ. ದಾಖಲೆ ಇಷ್ಟು: ಫ್ರಾನ್ಸ್‌ನ ರಾಷ್ಟ್ರೀಯ ಪಟ್ಟ 1989ರಿಂದ 1997ರವರೆಗೆ ಸತತ ಒಂಬತ್ತು. ಯುರೋಪಿಯನ್ ಪಟ್ಟ 1991ರಿಂದ 1995ರವರೆಗೆ ಸತತ ಐದು (ಸೋಫಿಯಾ, ಲೊಸಾನ್, ಹೆಲ್ಸಿಂಕಿ, ಕೋಪನ್‌ಹೇಗನ್, ಡಾರ್ಟ್‌ಮಂಡ್). ವಿಶ್ವ ಬೆಳ್ಳಿ 1993 ಪ್ರಾಗ್, 1994 ಮಕುಹಾರಿ, 1995 ಬರ್ಮಿಂಗ್‌ಹ್ಯಾಮ್. ಒಲಿಂಪಿಕ್ಸ್‌ನಲ್ಲಿ (1992, 1994, 1998) 5, 4, 10ನೇ ಸ್ಥಾನ.

ಈಗ ಪ್ರಶ್ನೆ. 1993ರ ಜನವರಿಯಲ್ಲಿ ಹೆಲ್ಸಿಂಕಿಯಲ್ಲಿ ಬೊನಾಲಿ ಚಿನ್ನ, ಉಕ್ರೇನಿನ ಒಕ್ಸಾನಾ ಬೈಯುಲ್ ಬೆಳ್ಳಿ. ಎರಡೇ ತಿಂಗಳಲ್ಲಿ ಪ್ರಾಗ್‌ನಲ್ಲಿ ಅದು ತಲೆಕೆಳಗು. 1994ರಲ್ಲೂ ಅದೇ ಕಥೆ: ಕೋಪನ್‌ಹೇಗನ್‌ನಲ್ಲಿ ಬೊನಾಲಿ ಮೇಲೆ, ಮುಂದಿನ ತಿಂಗಳು ಲಿಲ್ಲೆಹ್ಯಾಮರ್‌ನಲ್ಲಿ ಬೈಯುಲ್‌ಗೆ ಒಲಿಂಪಿಕ್ ಚಿನ್ನ, ಬೊನಾಲಿ ನಾಲ್ಕನೆಯವರು. "ಪಕ್ಷಪಾತ" ಅಂತ ಒಂದೇ ಪದದಲ್ಲಿ ಮುಗಿಸುವವರೂ ಇದ್ದಾರೆ, "ಕಲೆ ಇರಲಿಲ್ಲ" ಅಂತ ಒಂದೇ ಪದದಲ್ಲಿ ಮುಗಿಸುವವರೂ ಇದ್ದಾರೆ. ಎರಡೂ ಸೋಮಾರಿ ಉತ್ತರ. ಲೆಕ್ಕ ಮತ್ತು ತಂತ್ರ ಗೊತ್ತಿರುವವರು ಬಿಡಿಸಿ ಹೇಳಿ.

ಅಂಕಗಣಿತ
ಲೆಕ್ಕದಿಂದಲೇ ಶುರು ಮಾಡೋಣ. ಹಳೆಯ 6.0 ಪದ್ಧತಿಯನ್ನು (ಗರಿಷ್ಠ ಅಂಕ 6.0) ಈಗಿನ ಹುಡುಗರು ತಪ್ಪಾಗಿ ತಿಳಿದಿರುತ್ತಾರೆ. ಅಂಕ ಕೂಡಿಸಿ ಯಾರದ್ದು ಹೆಚ್ಚೋ ಅವರು ಗೆದ್ದರು ಅಂದುಕೊಳ್ಳುತ್ತಾರೆ. ಹಾಗಲ್ಲ.

ಸ್ಪರ್ಧೆಗೆ ಎರಡು ಭಾಗ: ಚಿಕ್ಕದು ಶಾರ್ಟ್ ಪ್ರೋಗ್ರಾಂ, ಉದ್ದದ್ದು ಫ್ರೀ ಸ್ಕೇಟ್. ಒಂಬತ್ತು ತೀರ್ಪುಗಾರರು. ಒಬ್ಬೊಬ್ಬರೂ ಎರಡು ಅಂಕ ಕೊಡುತ್ತಾರೆ. ಫ್ರೀ ಸ್ಕೇಟ್‌ನಲ್ಲಿ ಮೊದಲನೆಯದು ತಾಂತ್ರಿಕ ಅಂಕ, ಎರಡನೆಯದು ಪ್ರಸ್ತುತಿಯ ಅಂಕ. ಆ ತೀರ್ಪುಗಾರರ ಮಟ್ಟಿಗೆ ಎರಡರ ಮೊತ್ತ ಯಾರದು ಹೆಚ್ಚೋ ಅವರಿಗೆ 1ನೇ ಸ್ಥಾನ, ನಂತರದವರಿಗೆ 2, ಹೀಗೆ. ಮುಂದಕ್ಕೆ ಹೋಗುವುದು ಈ ಸ್ಥಾನಗಳು ಮಾತ್ರ. 5.9 ಬಂತೋ 5.4 ಬಂತೋ ಅನ್ನುವುದು ಅಲ್ಲಿಗೇ ಸತ್ತುಹೋಗುತ್ತದೆ. ಒಂಬತ್ತರಲ್ಲಿ ಐದು ಮಂದಿ ನಿಮ್ಮನ್ನು ಮೊದಲಿಗೆ ಇಟ್ಟರೆ ನೀವು ಮೊದಲು. ಉಳಿದ ನಾಲ್ವರು ನಿಮ್ಮನ್ನು ಆರನೆಯವರಾಗಿ ಇಟ್ಟಿದ್ದರೂ ಸರಿಯೇ.

ಕೊನೆಯ ಲೆಕ್ಕ: ಶಾರ್ಟ್ ಪ್ರೋಗ್ರಾಂ ಸ್ಥಾನವನ್ನು 0.5ರಿಂದ ಗುಣಿಸಿ, ಫ್ರೀ ಸ್ಥಾನವನ್ನು 1.0ರಿಂದ. ಕೂಡಿಸಿ. ಕಡಿಮೆ ಬಂದವರು ಗೆದ್ದರು. ಸಮವಾದರೆ ಫ್ರೀಯಲ್ಲಿ ಮೇಲಿದ್ದವರು.

ಲಿಲ್ಲೆಹ್ಯಾಮರ್ ತೆಗೆದುಕೊಳ್ಳಿ:
ಬೈಯುಲ್: ಶಾರ್ಟ್ 2, ಫ್ರೀ 1. ಅಂದರೆ 1.0 + 1.0 = 2.0
ನ್ಯಾನ್ಸಿ ಕೆರಿಗನ್: ಶಾರ್ಟ್ 1, ಫ್ರೀ 2. ಅಂದರೆ 0.5 + 2.0 = 2.5
ಚೆನ್ ಲು: ಶಾರ್ಟ್ 4, ಫ್ರೀ 3. ಅಂದರೆ 2.0 + 3.0 = 5.0
ಬೊನಾಲಿ: ಶಾರ್ಟ್ 3, ಫ್ರೀ 4. ಅಂದರೆ 1.5 + 4.0 = 5.5

ಶಾರ್ಟ್ ಮುಗಿದಾಗ ಬೊನಾಲಿ ಮೂರನೆಯವರು, ಪದಕದ ಜಾಗದಲ್ಲೇ ಇದ್ದರು. ಮೊದಲ ಮೂರರಲ್ಲಿದ್ದರೆ ಇನ್ನೊಂದು ಅನುಕೂಲವೂ ಇತ್ತು: ಫ್ರೀ ಗೆದ್ದರೆ ಬೇರೆಯವರ ಫಲಿತಾಂಶಕ್ಕೆ ಕಾಯಬೇಕಾಗಿಲ್ಲ, ಚಿನ್ನ ಖಚಿತ (1.5 + 1.0 = 2.5; ಶಾರ್ಟ್ ಗೆದ್ದವರು ಫ್ರೀಯಲ್ಲಿ ಎರಡನೆಯವರಾದರೂ 2.5, ಸಮವಾದಾಗ ಫ್ರೀ ಗೆದ್ದವರಿಗೇ). ಫ್ರೀಯಲ್ಲಿ ಒಂದು ಮೆಟ್ಟಿಲು ಇಳಿದದ್ದಕ್ಕೆ ಕಂಚು ಹೋಯಿತು. ಇಲ್ಲಿ ಪಿತೂರಿ ಹುಡುಕಬೇಕಾಗಿಲ್ಲ.

ಓದುಗ_ಒಬ್ಬ
ಹಾಗಾದರೆ ಮಕುಹಾರಿ? ಅಲ್ಲಿಯೂ ಪಿತೂರಿ ಬೇಡವೇ?

ಅಂಕಗಣಿತ
ಮಕುಹಾರಿಯ ಮಾತು ಬೇರೆ. ಲಿಲ್ಲೆಹ್ಯಾಮರ್‌ನ ಮೂವರು ಪದಕದವರೂ ಬಂದಿರಲಿಲ್ಲ. ಬೊನಾಲಿಗೆ ಬಾಗಿಲು ತೆರೆದೇ ಇತ್ತು. ಎದುರಿಗೆ ಇದ್ದದ್ದು ಯುಕಾ ಸಾಟೊ, ಅದೂ ಅವರದ್ದೇ ದೇಶದಲ್ಲಿ. ತೀರ್ಪು 5–4 ಒಡೆಯಿತು. ಐದು ಸಾಟೊಗೆ, ನಾಲ್ಕು ಬೊನಾಲಿಗೆ. ಬೊನಾಲಿ ಮೊದಲು ವಿಜೇತರ ಮೆಟ್ಟಿಲು ಹತ್ತಲಿಲ್ಲ, ಪಕ್ಕದಲ್ಲೇ ನಿಂತರು. ಪದಕ ಕೊರಳಿಗೆ ಬಿದ್ದ ಕೂಡಲೇ ತೆಗೆದುಬಿಟ್ಟರು. ಅದೆಲ್ಲ ವಿಡಿಯೊದಲ್ಲಿದೆ.

ಆ ಪದ್ಧತಿಯಲ್ಲಿ ಒಂದು ಬಲೆ ಇತ್ತು, ಅದನ್ನು ಗಮನಿಸಿ. ಒಬ್ಬ ತೀರ್ಪುಗಾರರ ಹಾಳೆಯಲ್ಲಿ ಇಬ್ಬರ ಮೊತ್ತ ಸಮವಾದರೆ ಏನು ಮಾಡುತ್ತಾರೆ? ಶಾರ್ಟ್‌ನಲ್ಲಿ ಮೊದಲ ಅಂಕ (ಕಡ್ಡಾಯ ಅಂಶಗಳದ್ದು) ನೋಡುತ್ತಾರೆ. ಫ್ರೀಯಲ್ಲಿ ಎರಡನೇ ಅಂಕ, ಅಂದರೆ ಪ್ರಸ್ತುತಿ. ಉದಾಹರಣೆಗೆ ಸುಮ್ಮನೆ ಒಂದು ಸಂಖ್ಯೆ ಹಾಕುತ್ತೇನೆ: ಒಬ್ಬರಿಗೆ 5.9 / 5.7, ಇನ್ನೊಬ್ಬರಿಗೆ 5.7 / 5.9. ಎರಡೂ 11.6. ಗೆಲ್ಲುವುದು ಎರಡನೆಯವರು. ಜಿಗಿತದಲ್ಲಿ ಎಷ್ಟು ಮುಂದಿದ್ದೀರೋ ಪ್ರಸ್ತುತಿಯಲ್ಲಿ ಅಷ್ಟೇ ಹಿಂದಿದ್ದರೆ ನಿಮಗೆ ಸಮ ಅನ್ನುವುದೇ ಇಲ್ಲ, ಸೋಲೇ. ಬೊನಾಲಿಯ ಇಡೀ ವೃತ್ತಿ ಈ ಗೆರೆಯ ಮೇಲೆ ನಡೆದದ್ದು. ಲಿಲ್ಲೆಹ್ಯಾಮರ್‌ನ ಬೈಯುಲ್–ಕೆರಿಗನ್ 5–4 ಕೂಡ ಹೀಗೇ ತೀರ್ಮಾನವಾದದ್ದು. ಒಬ್ಬ ತೀರ್ಪುಗಾರರ ಬಳಿ ಇಬ್ಬರದೂ ಸಮ, ಪ್ರಸ್ತುತಿಯ ಅಂಕ ಬೈಯುಲ್‌ಗೆ ಹೆಚ್ಚು, ಅಲ್ಲಿಗೆ ಒಲಿಂಪಿಕ್ ಚಿನ್ನ.

ಬ್ಲೇಡುಬಲ್ಲವ
ಲೆಕ್ಕ ಸರಿ ಇದೆ. ಆದರೆ ಎರಡನೇ ಅಂಕ ಯಾಕೆ ಕಡಿಮೆ ಬರುತ್ತಿತ್ತು ಅನ್ನುವುದನ್ನು "ಕಲೆ" ಅನ್ನುವ ಪದದಲ್ಲಿ ಹೂತುಹಾಕಬೇಡಿ. ಅದರ ಬೇರು ಪಾದದಲ್ಲಿದೆ.

ಸ್ಕೇಟ್ ಬ್ಲೇಡ್ ಚಾಕುವಿನ ಹಾಗೆ ಒಂದೇ ಅಂಚಿನದಲ್ಲ. ಸುಮಾರು 4 ಮಿಲಿಮೀಟರ್ ದಪ್ಪ, ಅಡಿಯಲ್ಲಿ ಉದ್ದಕ್ಕೂ ಕಾಲುವೆ ಕೊರೆದಿರುತ್ತದೆ, ಅದರ ಎರಡು ದಡಗಳೇ ಒಳಅಂಚು ಮತ್ತು ಹೊರಅಂಚು. ಮುಂಗಾಲಿನ ಕೆಳಗೆ ಹಲ್ಲುಗಳು, ಅದೇ ಟೋ ಪಿಕ್. ಒಳ್ಳೆಯ ಸ್ಕೇಟಿಂಗ್ ಅಂದರೆ ಮಂಡಿ ಬಗ್ಗಿಸಿ ಒಂದು ಅಂಚಿನ ಮೇಲೆ ಪೂರ್ತಿ ಒರಗಿ, ಕಮಾನಿನಂತೆ ಸಾಗುವುದು. ಒರಗು ಹೆಚ್ಚಿದಷ್ಟೂ ವೇಗ ಪುಕ್ಕಟೆ ಸಿಗುತ್ತದೆ, ಸದ್ದು ಕಡಿಮೆಯಾಗುತ್ತದೆ. ಯುಕಾ ಸಾಟೊ ಅಂದರೆ ಇದೇ. ಅವರು ಹತ್ತಿರದಲ್ಲಿ ಹಾದರೂ ಐಸ್ ಕೆರೆಯುವ ಸದ್ದು ಕೇಳುವುದಿಲ್ಲ ಅನ್ನುತ್ತಿದ್ದರು.

ಬೊನಾಲಿ ಚಿಕ್ಕಂದಿನಲ್ಲಿ ಟಂಬ್ಲಿಂಗ್ (ಸಾಲಾಗಿ ಲಾಗ ಹಾಕುವ ಜಿಮ್ನಾಸ್ಟಿಕ್ಸ್) ಕಲಿತವರು. ಟಂಬ್ಲಿಂಗ್‌ನಲ್ಲಿ ನೆಲಕ್ಕೆ ಸ್ಪ್ರಿಂಗ್ ಇರುತ್ತದೆ. ಮಂಡಿ ಬಿಗಿಯಾಗಿಟ್ಟು ಚೆಂಡಿನ ಹಾಗೆ ಪುಟಿಯಬೇಕು, ನೆಲಕ್ಕೆ ಕಾಲು ತಗುಲಿದ್ದೇ ತಡ ಮೇಲೇಳಬೇಕು. ಐಸ್ ಪುಟಿಸುವುದಿಲ್ಲ. ಅಲ್ಲಿ ಅಂಚಿನ ಮೇಲೆ ಕೂತು, ಕಾದು, ಅಡ್ಡ ವೇಗವನ್ನು ಮೇಲ್ಮುಖಕ್ಕೆ ತಿರುಗಿಸಬೇಕು. ಬೊನಾಲಿ ತೊಡೆಯ ಬಲ ಮತ್ತು ಬೇಗ ಸುತ್ತುವ ಮೈ, ಇವೆರಡರಿಂದಲೇ ಟ್ರಿಪಲ್ (ಮೂರು ಸುತ್ತಿನ ಜಿಗಿತ) ಮುಗಿಸಿಬಿಡುತ್ತಿದ್ದರು. ಜಿಗಿತ ಎತ್ತರ, ಆದರೆ ಉದ್ದ ಕಡಿಮೆ. ಇಳಿದ ಮೇಲೆ ಕಮಾನು ಹರಿಯುವುದರ ಬದಲು ಅಲ್ಲೇ ನಿಲ್ಲುತ್ತಿತ್ತು. ನಿಂತರೆ ಮತ್ತೆ ವೇಗ ಕಟ್ಟಲು ಗಿಡ್ಡ ಗಿಡ್ಡ ಹೆಜ್ಜೆ ಹಾಕಿ ತಳ್ಳಬೇಕು. ಆ ತಳ್ಳಾಟದ ಸಮಯದಲ್ಲಿ ಸಂಗೀತಕ್ಕೆ ಕೈ ಎಲ್ಲಿಂದ ಬರಬೇಕು? ಎರಡನೇ ಅಂಕ ಸೋರಿದ್ದು ಇಲ್ಲಿ.

ತಿರುಗುಬಾಣ
ಬ್ಲೇಡುಬಲ್ಲವ ಅವರೇ, ಅರ್ಧ ಒಪ್ಪುತ್ತೇನೆ. ಜಿಗಿತ ನಿಲ್ಲುತ್ತಿತ್ತು ಅನ್ನುವುದು ಟೋ ಜಿಗಿತಗಳಿಗೆ ಸರಿ, ಆದರೆ ಅದನ್ನು ಎಲ್ಲ ಜಿಗಿತಕ್ಕೂ ಹರಡಬೇಡಿ. ಒಂದೊಂದರ ಹುಟ್ಟು ಬೇರೆ (ಎಡಕ್ಕೆ ಸುತ್ತುವವರಿಗೆ ಹೇಳುತ್ತಿದ್ದೇನೆ, ಬೊನಾಲಿಯೂ ಹಾಗೇ ಸುತ್ತುವವರು; "ಹಿಂದಿನ" ಅಂಚು ಅಂದರೆ ಹಿಮ್ಮುಖವಾಗಿ ಸಾಗುವಾಗಿನ ಅಂಚು):

ಟೋ ಲೂಪ್: ಬಲಗಾಲಿನ ಹಿಂದಿನ ಹೊರಅಂಚು, ಎಡ ಪಿಕ್ ಚುಚ್ಚು.
ಸಾಲ್ಕೋ: ಎಡಗಾಲಿನ ಹಿಂದಿನ ಒಳಅಂಚು, ಪಿಕ್ ಇಲ್ಲ.
ಲೂಪ್: ಬಲಗಾಲಿನ ಹಿಂದಿನ ಹೊರಅಂಚು, ಪಿಕ್ ಇಲ್ಲ.
ಫ್ಲಿಪ್: ಎಡಗಾಲಿನ ಹಿಂದಿನ ಒಳಅಂಚು, ಬಲ ಪಿಕ್.
ಲುಟ್ಜ್: ಎಡಗಾಲಿನ ಹಿಂದಿನ ಹೊರಅಂಚು, ಬಲ ಪಿಕ್. ಕಮಾನು ಒಂದು ದಿಕ್ಕು, ಸುತ್ತು ಇನ್ನೊಂದು ದಿಕ್ಕು.
ಆಕ್ಸೆಲ್: ಮುಂದಕ್ಕೆ ಹೊರಡುವ ಒಂದೇ ಜಿಗಿತ, ಅದಕ್ಕೇ ಅರ್ಧ ಸುತ್ತು ಹೆಚ್ಚು.

ಪಿಕ್ ಇರುವ ಜಿಗಿತಕ್ಕೆ ಪಿಕ್ಕೇ ಕಂಬ. ಓಟ ಕಡಿಮೆಯಿದ್ದರೂ ಬಲದಿಂದ ಹಾರಬಹುದು. ಟಂಬ್ಲಿಂಗ್ ಮೈ ಇರುವವರಿಗೆ ಟೋ ಲೂಪ್ ಒಲಿಯುವುದು ಅದಕ್ಕೇ. ಬೊನಾಲಿ ಕ್ವಾಡ್ (ನಾಲ್ಕು ಸುತ್ತಿನ ಜಿಗಿತ) ಪ್ರಯತ್ನಿಸಿದ್ದೂ ಅದರಲ್ಲಿ. 1991ರ ಮ್ಯೂನಿಕ್ ವಿಶ್ವ ಸ್ಪರ್ಧೆಯಲ್ಲಿ ಒಮ್ಮೆ, 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ ಒಮ್ಮೆ. ಎರಡೂ ಸುತ್ತು ಪೂರ್ತಿಯಾಗಲಿಲ್ಲ ಎಂದು ಮಾನ್ಯವಾಗಲಿಲ್ಲ.

ಕಾಲಮಾನ ನೋಡಿ: ಗಂಡಸರಲ್ಲಿ ಮೊದಲ ಮಾನ್ಯ ಕ್ವಾಡ್ ಕರ್ಟ್ ಬ್ರೌನಿಂಗ್ ಅವರದು, 1988 ಬುಡಾಪೆಸ್ಟ್, ಅದೂ ಟೋ ಲೂಪ್. ಮೂರು ವರ್ಷದಲ್ಲಿ ಹದಿನೇಳರ ಹುಡುಗಿ ಅದಕ್ಕೆ ಕೈಹಾಕಿದ್ದಾಳೆ. ಹೆಂಗಸರಲ್ಲಿ ಮೊದಲ ಮಾನ್ಯ ಕ್ವಾಡ್ ಬರಲು 2002ರವರೆಗೆ ಕಾಯಬೇಕಾಯಿತು: ಮಿಕಿ ಆಂಡೊ, ಸಾಲ್ಕೋ. ಹೆಂಗಸರ ಟೋ ಲೂಪ್ ಕ್ವಾಡ್ ಬಂದದ್ದು ಇನ್ನೂ ತಡವಾಗಿ, 2018ರಲ್ಲಿ, ಅಲೆಕ್ಸಾಂಡ್ರಾ ಟ್ರುಸೋವಾ.

ಶಾರ್ವರಿ
ಹೆಸರಿನ ಬಗ್ಗೆ ಒಂದು ಮಾತು, ವಿಷಯ ತಪ್ಪಿಸಿದ್ದಕ್ಕೆ ಬೈಯಬೇಡಿ. ಅದು ನಮ್ಮ ಸೂರ್ಯನೇ, ಸಂಸ್ಕೃತದ್ದೇ ಪದ. ಹುಟ್ಟಿದ್ದು 1973ರ ಡಿಸೆಂಬರ್ 15, ನೀಸ್ ನಗರ. ಹುಟ್ಟುಹೆಸರು ಕ್ಲೋದೀನ್. ಎಂಟು ತಿಂಗಳಿದ್ದಾಗ ಸುಝಾನ್ ಮತ್ತು ಜಾರ್ಜ್ ಬೊನಾಲಿ ದತ್ತು ತೆಗೆದುಕೊಂಡು ಈ ಹೆಸರಿಟ್ಟರು. ಕೋಚ್ ದಿದಿಯೆ ಗಾಯಾಗೆ ಮೊದಮೊದಲು ಪತ್ರಿಕೆಯವರ ಮುಂದೆ ರಿಯೂನಿಯನ್ ದ್ವೀಪದ ಮಗು ಅಂತ ಬಣ್ಣ ಕಟ್ಟಿ ಹೇಳಿದ್ದರು. ಅದನ್ನೇ ಈಗಲೂ ನಕಲು ಮಾಡುವವರಿದ್ದಾರೆ. ಇಲ್ಲಿ ಯಾರೂ ಮಾಡಬೇಡಿ.

ಕೋಚ್ ವಿಷಯ ಈ ಚರ್ಚೆಗೂ ಸೇರಿದ್ದು. ಆಲ್ಬರ್ಟ್‌ವಿಲ್‌ನಲ್ಲಿ ಕ್ರೀಡಾಪಟುಗಳ ಪ್ರಮಾಣವಚನ ಓದಿದವರೇ ಬೊನಾಲಿ. ಆತಿಥೇಯ ದೇಶದ ಮುಖ. ಅಲ್ಲಿ ಐದನೆಯವರಾದರು. ಮರುತಿಂಗಳು ಓಕ್‌ಲ್ಯಾಂಡ್ ವಿಶ್ವ ಸ್ಪರ್ಧೆಯಲ್ಲಿ ಹನ್ನೊಂದಕ್ಕೆ ಕುಸಿದರು. ಆ ವರ್ಷವೇ ಗಾಯಾಗೆ ಅವರೊಂದಿಗಿನ ಸಂಬಂಧ ಮುಗಿಯಿತು, ತಾಯಿ ಸುಝಾನ್ ಅವರೇ ಪಕ್ಕಕ್ಕೆ ನಿಂತರು. ಮೂರು ವಿಶ್ವ ಬೆಳ್ಳಿಯೂ ಬಂದದ್ದು ಅದಾದ ಮೇಲೆ. "ತಾಯಿ ಅಡ್ಡಬಂದರು" ಅನ್ನುವವರು ಈ ಇಸವಿಗಳನ್ನು ಒಮ್ಮೆ ಜೋಡಿಸಿ ನೋಡಲಿ.

ಬ್ಲೇಡುಬಲ್ಲವ
ಶಾರ್ವರಿ ಮೇಡಂ, ಪದಕ ಬಂತು ನಿಜ. ಆದರೆ ಅಂಚಿನ ಕೆಲಸವನ್ನು ಮತ್ತೆ ಅ-ಆ-ಇ-ಈಯಿಂದ ಕಟ್ಟುವ ಕೋಚ್ ಆಗ ಇರಲಿಲ್ಲ ಅನ್ನುವುದೂ ಅಷ್ಟೇ ನಿಜ. ಕಡ್ಡಾಯ ಆಕೃತಿಗಳು 1990ರ ಹ್ಯಾಲಿಫ್ಯಾಕ್ಸ್ ವಿಶ್ವ ಸ್ಪರ್ಧೆಯೊಂದಿಗೆ ಕೊನೆಯಾದವು. ಐಸ್ ಮೇಲೆ ಎಂಟರ ಆಕಾರ ಬರೆದು, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಹೋಗುವ ಕಸರತ್ತು ಅದು. ಬೊನಾಲಿ ಅಲ್ಲಿ ಒಂಬತ್ತನೆಯವರು. ಮರುವರ್ಷ ಆಕೃತಿ ಇಲ್ಲ, ಯುರೋಪಿನ ಮೊದಲ ಪಟ್ಟ. ನಿಯಮ ಬದಲಾದದ್ದು ಅವರಿಗೆ ಅನುಕೂಲವೇ ಆಯಿತು, ಆದರೆ ಅಂಚು ಕಲಿಸುತ್ತಿದ್ದ ಬೆತ್ತವೂ ಅದರೊಂದಿಗೇ ಹೋಯಿತು.

ಓದುಗ_ಒಬ್ಬ
ಎಲ್ಲ ಸರಿ ಸರ್. ಬಣ್ಣದ ಮಾತನ್ನು ಯಾರೂ ಎತ್ತುತ್ತಿಲ್ಲವಲ್ಲ? ಕಪ್ಪು ಮೈಯ ಹುಡುಗಿ, ಬಲದ ಮೈಕಟ್ಟು. ರಾಜಕುಮಾರಿಯ ಹಾಗೆ ಕಾಣಬೇಕು ಅನ್ನುವ ಆಟ.

ತಿರುಗುಬಾಣ
ಎತ್ತಲೇಬೇಕಾದ ಮಾತು. ಡೆಬಿ ಥಾಮಸ್ 1986ರಲ್ಲಿ ವಿಶ್ವ ಚಾಂಪಿಯನ್ ಆದವರು, 1988ರ ಕ್ಯಾಲ್ಗರಿಯಲ್ಲಿ ಕಂಚು. ಅದೇ 6.0, ಹಾಗಾಗಿ "ಕಪ್ಪು ಮೈಯವರಿಗೆ ಗೆಲ್ಲಲು ಬಿಡುತ್ತಲೇ ಇರಲಿಲ್ಲ" ಅನ್ನುವುದು ನಿಲ್ಲುವುದಿಲ್ಲ. ಆದರೆ ಎರಡನೇ ಅಂಕದಲ್ಲಿ "ಮೈಯ ನಿಲುವು", "ಸರಾಗ" ಇಂಥ ಪದಗಳಿದ್ದವು. ಅವಕ್ಕೆ ಅಳತೆಗೋಲು ಇರಲಿಲ್ಲ. ಅಳತೆಗೋಲಿಲ್ಲದ ಕಡೆ ಕಣ್ಣಿನ ರೂಢಿಯೇ ಅಳತೆ. ತೀರ್ಪುಗಾರರು ಕಾರಣ ಬರೆದು ಕೊಡಬೇಕಾಗಿಯೂ ಇರಲಿಲ್ಲ. 0.1ರ ಅಂತರಕ್ಕೆ ಕಾರಣ ಅಂಚೋ ಮೈಬಣ್ಣವೋ ಅನ್ನುವುದನ್ನು ಹಾಳೆ ನೋಡಿ ಬೇರ್ಪಡಿಸಲು ಆಗದ ಹಾಗೆಯೇ ಆ ಪದ್ಧತಿಯನ್ನು ಕಟ್ಟಲಾಗಿತ್ತು. ನನ್ನ ದೂರು ಇರುವುದು ಆ ಕಟ್ಟಡದ ಮೇಲೆ.

ಅಂಕಗಣಿತ
ಇದನ್ನು ಒಪ್ಪುತ್ತೇನೆ. ನನ್ನ ಮೊದಲ ಪೋಸ್ಟಿನ "ಪಿತೂರಿ ಬೇಡ" ಅನ್ನುವುದು ಲಿಲ್ಲೆಹ್ಯಾಮರ್‌ಗೆ ಮಾತ್ರ.

ಮಂಜಿನಂಚು
ಹಾಗಾದರೆ ಈಗಿನ ಪದ್ಧತಿಯಲ್ಲಿ ಬೊನಾಲಿ ಗೆಲ್ಲುತ್ತಿದ್ದರೇ? ಜಿಗಿತಕ್ಕೇ ಬೆಲೆ ಇದೆಯಲ್ಲ ಈಗ.

ಅಂಕಗಣಿತ
ಅಷ್ಟು ಸುಲಭ ಅಲ್ಲ. 2002ರ ಸಾಲ್ಟ್ ಲೇಕ್ ಒಲಿಂಪಿಕ್ಸ್‌ನ ತೀರ್ಪು ಹಗರಣದ ನಂತರ 2004ರಲ್ಲಿ ಹೊಸ ಪದ್ಧತಿ ಬಂತು. (ಆ ಹಗರಣದಲ್ಲಿ ಅಮಾನತಾದ ಫ್ರೆಂಚ್ ಒಕ್ಕೂಟದ ಅಧ್ಯಕ್ಷ ಯಾರು ಗೊತ್ತೇ? ಇದೇ ದಿದಿಯೆ ಗಾಯಾಗೆ.) ಈಗ ಒಂದೊಂದು ಅಂಶಕ್ಕೂ ಮೂಲಬೆಲೆ. 2018ರ ನಂತರದ ಪಟ್ಟಿಯಲ್ಲಿ ಟ್ರಿಪಲ್ ಟೋ ಲೂಪ್ 4.2, ಸಾಲ್ಕೋ 4.3, ಲೂಪ್ 4.9, ಫ್ಲಿಪ್ 5.3, ಲುಟ್ಜ್ 5.9, ಟ್ರಿಪಲ್ ಆಕ್ಸೆಲ್ 8.0, ಕ್ವಾಡ್ ಟೋ ಲೂಪ್ 9.5. ಗುಣಮಟ್ಟಕ್ಕೆ −5ರಿಂದ +5, ಒಂದು ಮೆಟ್ಟಿಲಿಗೆ ಮೂಲಬೆಲೆಯ ಹತ್ತನೇ ಒಂದು ಪಾಲು.

ಬೊನಾಲಿಗೆ ಲಾಭ: ಕ್ವಾಡ್ ಕಾಲು ಸುತ್ತಿಗಿಂತ ಹೆಚ್ಚು, ಅರ್ಧ ಸುತ್ತಿಗಿಂತ ಕಡಿಮೆ ಬಾಕಿ ಉಳಿದರೂ ಈಗ ಪೂರ್ತಿ ಸೊನ್ನೆಯಾಗುವುದಿಲ್ಲ. ಹಾಳೆಯಲ್ಲಿ ಕೋನಚಿಹ್ನೆ (<) ಬೀಳುತ್ತದೆ, ಮೂಲಬೆಲೆಯ 80% ಉಳಿಯುತ್ತದೆ, ಅಂದರೆ 7.6. ಅದು ಶುದ್ಧ ಟ್ರಿಪಲ್ ಲುಟ್ಜ್‌ನ ಮೂಲಬೆಲೆಗಿಂತ ಹೆಚ್ಚು. ಅರ್ಧ ಸುತ್ತು ಅಥವಾ ಇನ್ನೂ ಹೆಚ್ಚು ಬಾಕಿ ಇದ್ದರೆ ಜೋಡಿ ಕೋನಚಿಹ್ನೆ, ಆಗ ಅದು ಟ್ರಿಪಲ್ ಟೋ ಲೂಪ್ ಅಷ್ಟೇ, 4.2. 1992ರಲ್ಲಿ ಈ ಮಧ್ಯದ ಮೆಟ್ಟಿಲು ಇರಲೇ ಇಲ್ಲ.

ನಷ್ಟ: ಸ್ಕೇಟಿಂಗ್ ಕೌಶಲ, ರಚನೆ, ಪ್ರಸ್ತುತಿ ಎಂಬ ಮೂರು ಘಟಕಗಳಿಗೆ 10ರಲ್ಲಿ ಅಂಕ, ಹೆಂಗಸರ ಫ್ರೀಯಲ್ಲಿ 2.67ರಿಂದ ಗುಣಿಸುತ್ತಾರೆ. ಮೂರರಲ್ಲೂ ಎದುರಾಳಿಗಿಂತ ಒಂದೊಂದು ಅಂಕ ಹಿಂದೆ ಬಿದ್ದರೆ 8.01 ಹೋಯಿತು. ಒಂದು ಟ್ರಿಪಲ್ ಆಕ್ಸೆಲ್ ಕೊಟ್ಟುಬಿಟ್ಟ ಹಾಗೆ. ಜೊತೆಗೆ ಇಳಿದ ಮೇಲೆ ಹರಿವು ಇಲ್ಲದಿದ್ದರೆ ಗುಣಮಟ್ಟದಲ್ಲಿ +4, +5 ಏರುವುದು ಕಷ್ಟ. ಹೆಂಗಸರ ಶಾರ್ಟ್‌ನಲ್ಲಿ ಕ್ವಾಡ್‌ಗೆ ಅನುಮತಿಯೂ ಇಲ್ಲ.

ನನ್ನ ಅಂದಾಜಿಗೆ ಪದಕ ಬರುತ್ತಿತ್ತು, ಚಿನ್ನ ಆಯಾ ವರ್ಷದ ಎದುರಾಳಿಯ ಮೇಲೆ. ಆದರೆ ಮುಖ್ಯ ವ್ಯತ್ಯಾಸ ಬೇರೆ: ಎಲ್ಲಿ ಸೋರುತ್ತಿದೆ ಅಂತ ಹಾಳೆಯೇ ತೋರಿಸುತ್ತಿತ್ತು. 6.0ರಲ್ಲಿ ತೋರುತ್ತಿದ್ದದ್ದು "5.6" ಮಾತ್ರ.

ಹೊಸಗಾಳಿ
ಹಿಂಲಾಗದ ಬಗ್ಗೆ ಕೇಳಬಹುದೇ? ಅದನ್ನು ಯಾಕೆ ನಿಷೇಧಿಸಿದ್ದರು, ಈಗ ಯಾಕೆ ಬಿಟ್ಟರು? ನಗಾನೊದಲ್ಲಿ ಬೇಕೆಂದೇ ಹಾಕಿದ್ದಾ?

ತಿರುಗುಬಾಣ
1976ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಟೆರಿ ಕುಬಿಕಾ ಹಾಕಿದರು. ಅದಾದ ಮೇಲೆ ಐಎಸ್‌ಯು (ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ) ನಿಷೇಧಿಸಿತು. ಎರಡು ಕಾರಣ ಹೇಳುತ್ತಿದ್ದರು: ಒಂದು ಅಪಾಯ, ಇನ್ನೊಂದು, ಜಿಗಿತ ಅಂದರೆ ಒಂದೇ ಕಾಲಿನ ಮೇಲೆ ಇಳಿಯಬೇಕು, ಹಿಂಲಾಗದಲ್ಲಿ ಎರಡೂ ಕಾಲು ಇಳಿಯುತ್ತವೆ.

ನಗಾನೊಗೆ ಬರುವ ಹೊತ್ತಿಗೆ ಬೊನಾಲಿಗೆ 24. 1996ರಲ್ಲಿ ಅಕಿಲೀಸ್ ಸ್ನಾಯುರಜ್ಜು ಹರಿದಿತ್ತು. ಹಿಮ್ಮಡಿಯನ್ನು ಮೀನಖಂಡಕ್ಕೆ ಕಟ್ಟುವ ಹಗ್ಗ ಅದು. ಪಿಕ್ ಚುಚ್ಚಿ ಹಾರುವಾಗ ಕೊನೆಯ ತಳ್ಳು ಬರುವುದು ಅದರಿಂದಲೇ. ಹೊಲಿದು ಕೂಡಿಸಿದರೂ ಆ ಪುಟಿತ ಹಿಂದಿನಂತೆ ಬರುವುದು ಅಪರೂಪ. ಫ್ರೀ ನಡೆಯುತ್ತಿರುವಾಗಲೇ ಪದಕ ಕೈಯಲ್ಲಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಹಿಂಲಾಗ ಹಾಕಿದರು, ಒಂದೇ ಬ್ಲೇಡಿನ ಮೇಲೆ ಇಳಿದರು. ಒಲಿಂಪಿಕ್ಸ್‌ನಲ್ಲಿ ಹಾಗೆ ಇಳಿದವರಲ್ಲಿ ಅವರೇ ಮೊದಲು. "ಎರಡು ಕಾಲು ಇಳಿಯುತ್ತವೆ, ಆದ್ದರಿಂದ ಜಿಗಿತ ಅಲ್ಲ" ಅನ್ನುವ ವಾದಕ್ಕೆ ಐಸ್ ಮೇಲೇ ಕೊಟ್ಟ ಉತ್ತರ ಅದು. ಅಂಕ ಕತ್ತರಿಸಿದರು, ಹತ್ತನೆಯವರಾಗಿ ಮುಗಿಸಿದರು.

2024ರಲ್ಲಿ ಫ್ರಾನ್ಸ್‌ನವರೇ ಆದ ಆಡಂ ಸಿಯಾವ್ ಹಿಮ್ ಫಾ ಯುರೋಪಿಯನ್‌ನಲ್ಲೂ ಮಾಂಟ್ರಿಯಲ್ ವಿಶ್ವ ಸ್ಪರ್ಧೆಯಲ್ಲೂ ಬೇಕೆಂದೇ ಹಿಂಲಾಗ ಹಾಕಿ 2 ಅಂಕ ದಂಡ ಕಟ್ಟಿದರು. ಮಾಂಟ್ರಿಯಲ್‌ನಲ್ಲಿ ಶಾರ್ಟ್‌ನಲ್ಲಿ 19ನೆಯವರಾಗಿದ್ದವರು ದಂಡ ಕಟ್ಟಿಯೂ ಕಂಚು ಗೆದ್ದರು. ಅದೇ ಜೂನ್‌ನಲ್ಲಿ ಐಎಸ್‌ಯು ಮಹಾಸಭೆ ನಿಷೇಧ ತೆಗೆದುಹಾಕಿತು. ಸಭೆ ನಡೆದದ್ದು ಲಾಸ್ ವೇಗಸ್‌ನಲ್ಲಿ, ಬೊನಾಲಿ ವರ್ಷಗಟ್ಟಲೆ ಕೋಚಿಂಗ್ ಮಾಡಿದ ಊರಿನಲ್ಲಿ. ಆದರೆ ಗಮನಿಸಿ: ಈಗಲೂ ಅದಕ್ಕೆ ಜಿಗಿತದ ಮೂಲಬೆಲೆ ಇಲ್ಲ. ದಂಡ ಇಲ್ಲ, ಅಷ್ಟೇ.

ಹೊಸಗಾಳಿ
ಅದರ ತಂತ್ರ ಹೇಗೆ? ನೆಲದ ಮೇಲೆ ಹಾಕುವವರು ಐಸ್ ಮೇಲೂ ಹಾಕಬಹುದೇ?

ಬ್ಲೇಡುಬಲ್ಲವ
ನೇರವಾಗಿ ಹಾಕಲು ಹೋದರೆ ತಲೆ ಒಡೆಯುತ್ತದೆ. ವ್ಯತ್ಯಾಸ ಕೇಳಿ.

ಹಿಮ್ಮುಖವಾಗಿ ಎರಡೂ ಕಾಲಿನ ಮೇಲೆ ಜಾರುತ್ತಾ ಬರಬೇಕು, ಪಾದಗಳು ಸಮಾನಾಂತರ, ಸೊಂಟದಗಲ. ಮೈ ಸಾಗುವ ದಿಕ್ಕೂ ಲಾಗ ತಿರುಗುವ ದಿಕ್ಕೂ ಒಂದೇ ಆಗುವುದರಿಂದ ವೇಗ ಸಹಾಯಕ್ಕೆ ಬರುತ್ತದೆ. ಮಂಡಿ ಆಳವಾಗಿ ಬಗ್ಗಿಸಿ, ಕೈ ಕೆಳಕ್ಕೆ. ಆಮೇಲೆ ತೂಕವನ್ನು ಬ್ಲೇಡಿನ ನಡುವಿನಿಂದ ಮುಂದಕ್ಕೆ ಉರುಳಿಸಿ ಎರಡೂ ಪಿಕ್ ಕಚ್ಚಿಸಬೇಕು, ಅದೇ ಕ್ಷಣ ಕೈ ಮೇಲಕ್ಕೆ ಬೀಸಬೇಕು. ಮೊದಲು ಮೇಲಕ್ಕೆ, ಆಮೇಲೆ ಹಿಂದಕ್ಕೆ. ಮಂಡಿ ಎದೆಗೆ. ಇಳಿಯುವಾಗ ಪಿಕ್‌ನ ಹಿಂಬದಿ, ಮುಂಗಾಲು, ಕೂಡಲೇ ಮಂಡಿ ಬಗ್ಗಿಸಿ ಹಿಮ್ಮುಖ ಜಾರು.

ಎಡವಟ್ಟು ಆಗುವ ಜಾಗಗಳು: ತೂಕ ಹಿಮ್ಮಡಿಯ ಕಡೆ ಉಳಿದರೆ ಪಿಕ್ ಕಚ್ಚುವುದಿಲ್ಲ, ಕಾಲು ಮುಂದಕ್ಕೆ ಜಾರಿ ತಲೆಯ ಹಿಂಭಾಗ ಮೊದಲು ಬೀಳುತ್ತದೆ. ಇದೇ ಅತಿ ಕೆಟ್ಟದ್ದು. ತಲೆಯನ್ನು ಬೇಗ ಹಿಂದಕ್ಕೆ ಎಸೆದರೆ ಎತ್ತರ ಸಿಗದೆ ಮಂಡಿ, ಅಂಗೈ ಐಸಿಗೆ ಬಡಿಯುತ್ತವೆ. ಇಳಿಯುವಾಗ ಪಿಕ್ ಜಾಸ್ತಿ ಕಚ್ಚಿಕೊಂಡರೆ ಪಾದ ನಿಲ್ಲುತ್ತದೆ, ಮೈ ಹಿಂದಕ್ಕೆ ಹೋಗುತ್ತಲೇ ಇರುತ್ತದೆ, ಬೆನ್ನ ಮೇಲೆ ಬೀಳುತ್ತೀರಿ. ಬೂಟು ಬಿಗಿ ಇರುವುದರಿಂದ ಕಣಕಾಲು ಬಗ್ಗಿಸಿ ಸರಿಮಾಡಿಕೊಳ್ಳಲು ಅವಕಾಶವೂ ಕಡಿಮೆ.

ಬೊನಾಲಿಯದು ಇನ್ನೂ ಒಂದು ಮೆಟ್ಟಿಲು ಮೇಲೆ. ಗಾಳಿಯಲ್ಲಿ ಕಾಲನ್ನು ಕತ್ತರಿಯಂತೆ ತೆರೆದು ಒಂದು ಬ್ಲೇಡಿನ ಮೇಲೆ ಇಳಿಯುವುದು. ಕಾಲು ತೆರೆದರೆ ಮೈ ಉಂಡೆಯಾಗಿರುವುದಿಲ್ಲ, ಸುತ್ತು ನಿಧಾನವಾಗುತ್ತದೆ, ಆದ್ದರಿಂದ ಎತ್ತರ ಹೆಚ್ಚು ಬೇಕು. ದೇಹತೂಕದ ಹಲವು ಪಟ್ಟು ಹೊಡೆತ ಒಂದೇ ಮಂಡಿಗೆ. ಸೊಂಟ ಸ್ವಲ್ಪ ಓರೆಯಾದರೂ ಮಂಡಿ ಒಳಕ್ಕೆ ಕುಸಿಯುತ್ತದೆ.

ಕಲಿಯುವ ಕ್ರಮ: ಮೊದಲು ಟ್ರ್ಯಾಂಪೊಲೀನ್ ಮತ್ತು ಹಾರ್ನೆಸ್ (ಬೀಳದಂತೆ ಮೇಲಿನಿಂದ ಹಿಡಿಯುವ ಸೊಂಟಪಟ್ಟಿ), ನಂತರ ಗಟ್ಟಿ ನೆಲದ ಮೇಲೆ ಪುಟಿತವಿಲ್ಲದೆ, ಆಮೇಲೆ ಐಸ್ ಮೇಲೆ ಹಾರ್ನೆಸ್ ಜೊತೆ. ಹೆಲ್ಮೆಟ್ ಕಡ್ಡಾಯ. ಬ್ಲೇಡ್ ಹೊಸದಾಗಿ ಸಾಣೆ ಹಿಡಿಸಿದ ದಿನ ಬೇಡ, ಪಿಕ್ ಸವೆದಿದ್ದರೂ ಬೇಡ. ಬ್ಲೇಡಿನ ಅಡಿಯ ಕಾಲುವೆ ಕೊರೆತದ ತ್ರಿಜ್ಯ ಸಾಮಾನ್ಯವಾಗಿ ಅರ್ಧ ಇಂಚು. 3/8 ಇಂಚಿಗೆ ಇಳಿಸಿದರೆ ಅಂಚು ಜಾಸ್ತಿ ಕಚ್ಚುತ್ತದೆ, ಇಳಿದ ಮೇಲೆ ಜಾರದೆ ತಡೆಯುತ್ತದೆ. ಐಸ್ ಫಿಗರ್ ಸ್ಕೇಟಿಂಗ್‌ನದೇ ಆಗಿರಲಿ, ಸುಮಾರು −3ರಿಂದ −4 ಡಿಗ್ರಿ. ಹಾಕಿಯವರ ಐಸ್ ಇನ್ನೂ ತಣ್ಣಗೆ, ಗಟ್ಟಿ. ಪಿಕ್ ಕಚ್ಚುವ ಬದಲು ಚೂರು ಹಾರಿಸುತ್ತದೆ.

ನಿರ್ವಾಹಕ
ಹಾರ್ನೆಸ್ ಮತ್ತು ಅರ್ಹ ಕೋಚ್ ಇಲ್ಲದೆ ಇದನ್ನು ಪ್ರಯತ್ನಿಸುವ ವಿಡಿಯೊಗಳನ್ನು ಇಲ್ಲಿ ಹಾಕಿದರೆ ಅಳಿಸಲಾಗುವುದು. ಚರ್ಚೆ ಮುಂದುವರಿಯಲಿ.

ಶಾರ್ವರಿ
ಸ್ಪರ್ಧೆ ಬಿಟ್ಟ ಮೇಲಿನದನ್ನೂ ಸೇರಿಸಿ. ನಗಾನೊ ನಂತರ ವೃತ್ತಿಪರ ಪ್ರದರ್ಶನಕ್ಕೆ ಹೋದರು, ಚಾಂಪಿಯನ್ಸ್ ಆನ್ ಐಸ್ ತಂಡದೊಂದಿಗೆ ಅಮೆರಿಕ ಸುತ್ತಿದರು, 2004ರಲ್ಲಿ ಅಮೆರಿಕದ ಪೌರತ್ವ ಪಡೆದರು, ಆಮೇಲೆ ಕೋಚಿಂಗ್.

ತಿರುಗುಬಾಣ
ಪ್ರದರ್ಶನದ ಐಸ್ ಅವರ ತಂತ್ರಕ್ಕೆ ಹೇಳಿ ಮಾಡಿಸಿದ್ದು. ವೇದಿಕೆಗೆ ಜಾಗ ಬಿಟ್ಟಿರುವುದರಿಂದ ಓಟ ಕಡಿಮೆ. ದೀಪ ಆರಿಸಿ ಸ್ಪಾಟ್‌ಲೈಟ್ ಒಂದೇ ಬಿಟ್ಟಿರುತ್ತಾರೆ, ಅಂಚು ಕಣ್ಣಿಗೆ ಕಾಣುವುದಿಲ್ಲ, ಕಟ್ಟೆ ಎಷ್ಟು ದೂರವಿದೆ ಅನ್ನುವುದೂ ಅಂದಾಜೇ. ಉದ್ದ ಕಮಾನಿನ ಮೇಲೆ ನಿಂತ ಲುಟ್ಜ್ ಅಲ್ಲಿ ಕಷ್ಟ. ಹಿಂಲಾಗಕ್ಕೆ ನಾಲ್ಕು ಮೀಟರ್ ಜಾರು ಸಾಕು. ತೀರ್ಪುಗಾರರು ದಂಡ ಹಾಕುತ್ತಿದ್ದ ವಸ್ತುವಿಗೆ ಜನ ಟಿಕೆಟ್ ಕೊಂಡು ಬರುತ್ತಿದ್ದರು.

ಮಂಜಿನಂಚು
ಕೊನೆಯದಾಗಿ ಆ ಕ್ವಾಡ್. ಮ್ಯೂನಿಕ್‌ನದು ಪೂರ್ತಿಯಾಗಿತ್ತು ಅಂತ ಹಳೆಯ ವಿಡಿಯೊ ನಿಲ್ಲಿಸಿ ನಿಲ್ಲಿಸಿ ವಾದಿಸುವವರಿದ್ದಾರೆ. ನೋಡಿ ಹೇಳಬಹುದೇ?

ಬ್ಲೇಡುಬಲ್ಲವ
ನೋಡಬೇಕಾದದ್ದು ಪಿಕ್ ಐಸಿಗೆ ತಗುಲಿದ ಕ್ಷಣದಲ್ಲಿ ಬ್ಲೇಡ್ ಯಾವ ದಿಕ್ಕಿಗಿದೆ ಅನ್ನುವುದನ್ನು. ಭುಜ ನೋಡಬೇಡಿ, ಭುಜ ಸುಳ್ಳು ಹೇಳುತ್ತದೆ. ಬ್ಲೇಡ್ ಸಾಗುವ ದಿಕ್ಕಿಗೆ ಅಡ್ಡ ಇದ್ದರೆ ಕಾಲು ಸುತ್ತು ಬಾಕಿ. ಹೊರಡುವಾಗಲೂ ಹಾಗೇ: ಟೋ ಲೂಪ್‌ನಲ್ಲಿ ಪಾದ ಐಸ್ ಬಿಡುವ ಮೊದಲೇ ಸುಮಾರು ಅರ್ಧ ಸುತ್ತು ಕದಿಯುವುದು ಮಾಮೂಲು. ಅದಕ್ಕಿಂತ ಹೆಚ್ಚು ಕದ್ದರೆ ಅದು ಮುಂದಕ್ಕೆ ಹೊರಟ ಟೋ ಆಕ್ಸೆಲ್ ಆಗಿಬಿಡುತ್ತದೆ.

ಅಂಕಗಣಿತ
ಹಳೆಯ ಟಿವಿ ಚಿತ್ರದಲ್ಲಿ ಅದನ್ನು ನೋಡಲು ಹೊರಟರೆ ಗಣಿತ ಕೈಕೊಡುತ್ತದೆ. ಕ್ವಾಡ್‌ನ ನಡುಗಾಳಿಯಲ್ಲಿ ಮೈ ಸೆಕೆಂಡಿಗೆ 5 ಸುತ್ತು ಅಂದುಕೊಳ್ಳಿ, 1800 ಡಿಗ್ರಿ. ಯುರೋಪಿನ ಪ್ರಸಾರ ಸೆಕೆಂಡಿಗೆ 25 ಚಿತ್ರ. ಅಂದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ 72 ಡಿಗ್ರಿ. ಅರ್ಧಚಿತ್ರಗಳನ್ನು ಬೇರ್ಪಡಿಸಿ 50 ಮಾಡಿಕೊಂಡರೂ 36. ಇಳಿಯುವ ಹೊತ್ತಿಗೆ ಕೈ ಬಿಚ್ಚಿ ಸುತ್ತು ನಿಧಾನವಾಗುತ್ತದೆ, ಸ್ವಲ್ಪ ವಾಸಿ. ಆದರೂ 90 ಡಿಗ್ರಿಯ ಗೆರೆ ದಾಟಿತೋ ಇಲ್ಲವೋ ಅನ್ನುವುದಕ್ಕೆ ಇದು ಸಾಲದು. ಕ್ಯಾಮೆರಾ ಒಂದೇ ಕೋನದಲ್ಲಿದ್ದರೆ ಬ್ಲೇಡ್ ಎದುರುಬದುರಾಗಿ ಕಾಣುವ ಚಿತ್ರದಲ್ಲಿ ಇನ್ನೂ 20–30 ಡಿಗ್ರಿ ಅಂದಾಜು ತಪ್ಪುತ್ತದೆ. ಅದಕ್ಕೇ ಆ ವಾದ ಮೂವತ್ತು ವರ್ಷವಾದರೂ ಮುಗಿದಿಲ್ಲ. ಯಾರ ಬಳಿಯಾದರೂ ಎರಡನೇ ಕ್ಯಾಮೆರಾದ ಚಿತ್ರ ಇದ್ದರೆ ಇಲ್ಲಿ ಹಾಕಿ, ಬ್ಲೇಡ್ ಅಳೆದು ನೋಡೋಣ.